ಒಂಟಿ ಬಕೆಟ್‌ನ ಹಾಲು ಕರೆಯುವ ಯಂತ್ರ: ಸಣ್ಣ ಕೊಟ್ಟಿಗೆಗೆ ಎಷ್ಟು ಹೊಂದುತ್ತದೆ?

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಚಕ್ರದ ಗಾಡಿಯ ಮೇಲೆ ಕೂರಿಸಿದ, ಒಂದು ಸಲಕ್ಕೆ ಒಂದೇ ಹಸುವಿನ ಹಾಲು ಕರೆಯುವ ಸೆಟ್. ಹೆಸರು, ಬಣ್ಣ ಬೇರೆಯಾದರೂ ಒಳಗಿನ ಸರಕು ಬಹುಪಾಲು ಒಂದೇ. ಮುಕ್ಕಾಲರಿಂದ ಒಂದು ಎಚ್‌ಪಿ ಮೋಟಾರ್, ನಿಮಿಷಕ್ಕೆ 150ರಿಂದ 200 ಲೀಟರ್ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪ್, ಸಣ್ಣದೊಂದು ವ್ಯಾಕ್ಯೂಮ್ ಟ್ಯಾಂಕ್, ವ್ಯಾಕ್ಯೂಮಿನ ಮಟ್ಟ ಕಾಯುವ ರೆಗ್ಯುಲೇಟರ್, ಆ ಮಟ್ಟ ತೋರಿಸುವ ಗೇಜ್, ತೊಟ್ಟಿಗೆ ಎಳೆತ, ವಿರಾಮ ಎರಡನ್ನೂ ಸರದಿಯಲ್ಲಿ ಕೊಡುವ, ಬಕೆಟ್ ಮುಚ್ಚಳದ ಮೇಲೆ ಕೂರುವ ಪಲ್ಸೇಟರ್, 25 ಲೀಟರಿನ ಬಕೆಟ್, ಕೊನೆಗೆ ತೊಟ್ಟುಗಳಿಗೆ ಹಾಕುವ ನಾಲ್ಕು ಕಪ್‌ಗಳ ಗೊಂಚಲು, ಅಂದರೆ ಕ್ಲಸ್ಟರ್. ಎರಡರಿಂದ ಹತ್ತು ಕರಾವು ಇರುವ ಮನೆಗಳನ್ನು ಗುರಿಯಾಗಿಟ್ಟುಕೊಂಡೇ ಇದನ್ನು ಮಾರುತ್ತಾರೆ.

ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ. ಯಂತ್ರ ಒಳ್ಳೆಯದೇ. ಆದರೆ ಮಾರುವವರು ಬಾಯಿ ತುಂಬ ಹೇಳುವ ಮೋಟಾರಿನ ಎಚ್‌ಪಿ ಇಲ್ಲಿ ಅಷ್ಟು ಮುಖ್ಯವಲ್ಲ. ಕೆಚ್ಚಲನ್ನು ಕಾಪಾಡುವುದೂ ಕೆಡಿಸುವುದೂ ರೆಗ್ಯುಲೇಟರ್, ಪಲ್ಸೇಟರ್, ಕಪ್ಪಿನೊಳಗಿನ ರಬ್ಬರ್ ಕೊಳವೆಯಾದ ಲೈನರ್ ಎಂಬ ಮೂರು ಭಾಗಗಳು, ಜೊತೆಗೆ ಹಾಲು ಕರೆದ ಮೇಲಿನ ತೊಳೆಯುವ ಕೆಲಸ. ಇವುಗಳಿಗೆ ದಿನವೂ ಸಮಯ ಕೊಡಲು ಸಿದ್ಧರಿದ್ದರೆ ಕೊಳ್ಳಿ. ಸಮಯ ಉಳಿಸಲಿಕ್ಕೆಂದೇ ಕೊಳ್ಳುವುದಾದರೆ ಮುಂದಿನ ಲೆಕ್ಕ ನೋಡಿ ನಿರ್ಧರಿಸಿ.

ಸಮಯದ ಲೆಕ್ಕ

“ಐದು ನಿಮಿಷಕ್ಕೊಂದು ಹಸು” ಎಂಬ ಮಾತು ಸುಳ್ಳಲ್ಲ, ಅರ್ಧ ಸತ್ಯ. ಹೊತ್ತಿಗೆ ಹತ್ತು ಲೀಟರ್ ಕೊಡುವ ಹಸುವನ್ನು ಪಳಗಿದ ಕೈ ಒಂಬತ್ತು ಹತ್ತು ನಿಮಿಷದಲ್ಲಿ ಕರೆಯುತ್ತದೆ. ತೊಟ್ಟು ಒರೆಸಿ ಸಿದ್ಧಮಾಡುವುದೂ ಸೇರಿದರೆ ಹನ್ನೊಂದು ನಿಮಿಷ. ಯಂತ್ರದಲ್ಲಿ ಹಾಲು ಇಳಿಯಲು ಐದು ನಿಮಿಷ, ಸಿದ್ಧತೆಗೆ, ಕಪ್ ಹಾಕಿ ತೆಗೆಯಲು, ತೊಟ್ಟಿಗೆ ಔಷಧ ಹಚ್ಚಲು ಎರಡೂವರೆ ನಿಮಿಷ, ಒಟ್ಟು ಏಳೂವರೆ. ಅಂದರೆ ಒಂದು ಹಸುವಿಗೆ ಉಳಿಯುವುದು ಮೂರೂವರೆ ನಿಮಿಷ. ಇತ್ತ ಯಂತ್ರ ಜೋಡಿಸಲು ಮತ್ತು ಕೊನೆಗೆ ಸರಿಯಾಗಿ ತೊಳೆಯಲು ಇಪ್ಪತ್ತು ನಿಮಿಷ ಬೇಕೇ ಬೇಕು. ಕರೆದದ್ದು ಒಂದು ಹಸುವಾದರೂ ಅಷ್ಟೇ, ಎಂಟಾದರೂ ಅಷ್ಟೇ. ಹಾಗಾಗಿ ಐದಾರು ಕರಾವು ಆಗುವ ತನಕ ಗಡಿಯಾರದ ಲೆಕ್ಕದಲ್ಲಿ ಲಾಭವಿಲ್ಲ. ಎರಡು ಹಸು ಇರುವ ಮನೆಯಲ್ಲಿ ಯಂತ್ರವೇ ಹೆಚ್ಚು ಸಮಯ ತಿನ್ನುತ್ತದೆ.

ಹಾಗಾದರೆ ಮೂರು ನಾಲ್ಕು ಹಸು ಇರುವವರು ಇದನ್ನು ಕೊಳ್ಳಲೇಬಾರದೆ? ಹಾಗೇನಿಲ್ಲ. ಮಣಿಕಟ್ಟು, ಬೆರಳ ಗೆಣ್ಣು, ಸೊಂಟ ಸೋತವರಿಗೆ ಇದು ಪಶುಸಾಕಣೆ ಮುಂದುವರಿಸುವ ದಾರಿ. ಮನೆಯಲ್ಲಿ ಕರೆಯಬಲ್ಲವರು ಒಬ್ಬರೇ ಇದ್ದು, ಅವರು ಊರಿಗೆ ಹೋದ ದಿನ ಹಸು ಹೊಸ ಕೈಗೆ ಹಾಲು ಇಳಿಸದ ತಾಪತ್ರಯವೂ ಕಡಿಮೆಯಾಗುತ್ತದೆ, ಏಕೆಂದರೆ ಯಾರು ಕಪ್ ಹಾಕಿದರೂ ಯಂತ್ರದ ಹಿಡಿತ ಒಂದೇ. ಹೆಬ್ಬೆರಳು ಮಡಚಿ ತೊಟ್ಟನ್ನು ಜಗ್ಗಿ ಕರೆಯುವ ಅಭ್ಯಾಸವಿರುವ ಕಡೆ ತೊಟ್ಟಿನ ಒಳಗೆ ಆಗುವ ಗಾಯವೂ ತಪ್ಪುತ್ತದೆ. ಮುಚ್ಚಿದ ಬಕೆಟ್ಟಿಗೆ ಸಗಣಿಯ ಸಿಡಿ, ಕೂದಲು, ದೂಳು ಬೀಳುವುದಿಲ್ಲ.

ಪಂಪ್ ಮತ್ತು ಮೋಟಾರ್

ಒಂದು ಕ್ಲಸ್ಟರಿಗೆ ಈ ಪಂಪ್ ಧಾರಾಳ ಸಾಕು. ಕಪ್ ಹಾಕುವಾಗ ಒಳನುಗ್ಗುವ ಗಾಳಿಯನ್ನೂ ಎಳೆದು ಹಾಕುವಷ್ಟು ಮಿಗುತಾಯ ಇರುತ್ತದೆ. ಎರಡನೇ ಬಕೆಟ್ ಸೇರಿಸುವ ಯೋಚನೆ ಇದ್ದರೆ 150 ಲೀಟರಿನ ಪಂಪ್ ಬೇಡ, ಅದು ಅಂಚಿನಲ್ಲಿ ಒದ್ದಾಡುತ್ತದೆ. ಸಮುದ್ರಮಟ್ಟದಿಂದ ತುಂಬ ಎತ್ತರದ ಜಾಗಗಳಲ್ಲಿ ಗಾಳಿಯ ಒತ್ತಡವೇ ಕಡಿಮೆ ಇರುವುದರಿಂದ ಪಂಪಿನ ಸಾಮರ್ಥ್ಯವೂ ಇಳಿಯುತ್ತದೆ. ಅಂಥಲ್ಲಿ ಒಂದು ಅಳತೆ ದೊಡ್ಡದನ್ನೇ ಆರಿಸಿ.

ಎಣ್ಣೆ ಹಾಕುವ ಪಂಪ್, ಎಣ್ಣೆ ಬೇಡದ ಕಾರ್ಬನ್ ರೆಕ್ಕೆಯ ಪಂಪ್ ಎಂದು ಎರಡು ಬಗೆ. ದಿನಕ್ಕೆರಡು ಹೊತ್ತು, ವರ್ಷಪೂರ್ತಿ ಓಡಿಸುವವರಿಗೆ ನಮ್ಮ ಮತ ಎಣ್ಣೆಯದಕ್ಕೆ. ಕಾರ್ಬನ್ ರೆಕ್ಕೆಗಳು ತೇವ ಸೇರಿದರೆ ಚಿಟ್ಟನೆ ಮುರಿಯುತ್ತವೆ, ಹಾಲು ಕರೆಯುವ ಯಂತ್ರದಲ್ಲಿ ತೇವ ತಪ್ಪಿದ್ದಲ್ಲ. ಎಣ್ಣೆಯ ಪಂಪಿಗೂ ಅದರದೇ ಕಾಟವಿದೆ. ಹೊಗೆಕೊಳವೆಯಿಂದ ಎಣ್ಣೆಯ ಮಂಜು ಬರುತ್ತದೆ, ಮುಚ್ಚಿದ ಕೊಟ್ಟಿಗೆಯಲ್ಲಿ ಅದು ಹಾಲಿಗೂ ಉಸಿರಿಗೂ ಒಳ್ಳೆಯದಲ್ಲ. ಆ ಕೊಳವೆಗೆ ಒಂದು ಪೈಪ್ ಸಿಕ್ಕಿಸಿ ಗೋಡೆಯಾಚೆ ಬಿಡಬೇಕು. ಎಣ್ಣೆ ವ್ಯಾಕ್ಯೂಮ್ ಪಂಪಿನದ್ದೇ ಇರಲಿ. ವಾಹನದಿಂದ ಇಳಿಸಿದ ಹಳೇ ಎಣ್ಣೆ ಹಾಕಿದರೆ ಅದರ ಮಸಿ ಅಂಟಾಗಿ ರೆಕ್ಕೆಗಳು ಸೀಳುಗಳಲ್ಲೇ ಕಚ್ಚಿಕೊಳ್ಳುತ್ತವೆ. ಆಗ ಮೋಟಾರ್ ಓಡುತ್ತದೆ, ಗೇಜಿನ ಮುಳ್ಳು ಮಾತ್ರ ಏಳುವುದಿಲ್ಲ. ಹಸುಗಳೆಲ್ಲ ಬತ್ತಿಸಿದ ಕಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಮೂಲೆಗಿಟ್ಟರೂ ಇದೇ ಗತಿ. ವಾರಕ್ಕೊಮ್ಮೆ ಐದು ನಿಮಿಷ ಓಡಿಸಿದರೆ ಆ ತೊಂದರೆ ಬರುವುದಿಲ್ಲ.

ಪಂಪಿಗೂ ಬಕೆಟ್ಟಿಗೂ ನಡುವೆ ಇರುವ ಟ್ಯಾಂಕ್ ಬರೀ ಒತ್ತಡ ಸಮ ಮಾಡಲಿಕ್ಕಲ್ಲ. ಬಕೆಟ್ ತುಂಬಿ ಉಕ್ಕಿದರೆ, ಹಸು ಒದ್ದು ಉರುಳಿಸಿದರೆ ಹಾಲು ನೇರ ಪಂಪಿಗೆ ಹೋಗದಂತೆ ತಡೆಯುವುದೂ ಅದರ ಕೆಲಸ. ಅಡಿಯಲ್ಲಿ ನೀರು ಬಸಿಯುವ ಮೂತಿ ಇದೆಯೇ ನೋಡಿ. ಅದಿಲ್ಲದ ಸೆಟ್ ಕೊಳ್ಳಬೇಡಿ. ಹಾಲು ಪಂಪಿಗೆ ಹೋಯಿತೆಂದರೆ ಅದೇ ದಿನ ತೊಳೆಯುವ ಎಣ್ಣೆ ಎಳೆಸಿ, ಹಳೆಯದನ್ನೆಲ್ಲ ಹೊರಹಾಕಿ, ಹೊಸ ಎಣ್ಣೆ ಹಾಕಬೇಕು. ಒಂದು ರಾತ್ರಿ ಬಿಟ್ಟರೂ ಒಳಗೆ ಹುಳಿತು ತುಕ್ಕು ಹಿಡಿಯುತ್ತದೆ.

ವಿದ್ಯುತ್ ಖರ್ಚು ದೊಡ್ಡದಲ್ಲ. ಒಂದು ಎಚ್‌ಪಿ ಮೋಟಾರ್ ಅರ್ಧ ಗಂಟೆ ಓಡಿದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಆದರೆ ಹೊರಡುವ ಕ್ಷಣದಲ್ಲಿ ಮೋಟಾರ್ ಮಾಮೂಲಿಯ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ದೀಪ ಫ್ಯಾನಿಗೆಂದು ಇಟ್ಟ ಸಣ್ಣ ಇನ್‌ವರ್ಟರ್ ಅದನ್ನು ತಡೆಯದು. ಅರ್ಥಿಂಗ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತ ಹಸುವಿಗೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆಯೂ ತಾಗುತ್ತದೆ. ಯಂತ್ರ ಹಚ್ಚಿದಾಗಲೆಲ್ಲ ಹಸು ಕಾಲು ಬದಲಿಸುತ್ತ ಹಾಲು ಹಿಡಿದಿಡುತ್ತಿದ್ದರೆ ಮೊದಲು ವೈರಿಂಗ್ ನೋಡಿಸಿ, ಆಮೇಲೆ ಹಸುವಿನ ಸ್ವಭಾವ ದೂರಿ.

ಗೇಜು, ರೆಗ್ಯುಲೇಟರ್

ಈ ಸೆಟ್ಟುಗಳ ಅತಿ ದುರ್ಬಲ ಭಾಗ ಇದು. ಬಕೆಟ್ ಯಂತ್ರಕ್ಕೆ ಹಸುವಾದರೆ 40ರಿಂದ 42 ಕಿಲೋಪಾಸ್ಕಲ್ ಸರಿಯಾದ ವ್ಯಾಕ್ಯೂಮ್ ಮಟ್ಟ. ಗೇಜು ಇಂಚಿನಲ್ಲಿದ್ದರೆ 12ರಿಂದ 12.5 ಇಂಚು ಪಾದರಸ. ಹಾಲು ಜೋರಾಗಿ ಇಳಿಯುವಾಗ ತೊಟ್ಟಿನ ತುದಿಯಲ್ಲಿ ಸರಾಸರಿ 32ರಿಂದ 42 ಕಿಲೋಪಾಸ್ಕಲ್ ಇರಬೇಕೆಂದು ಐಎಸ್‌ಒ 5707 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಹಾಲಿನ ಪೈಪು ಮೇಲೆ ಹತ್ತಿ ಹೋಗುವ ದೊಡ್ಡ ಡೇರಿಗಳಲ್ಲಿ ಪಂಪಿನ ಮಟ್ಟ ಇದಕ್ಕಿಂತ ಹೆಚ್ಚು ಇಡುತ್ತಾರೆ, ಅಲ್ಲಿ ಹಾಲನ್ನು ಮೇಲೆತ್ತಬೇಕು. ನೆಲದ ಮೇಲಿನ ಬಕೆಟ್ಟಿಗೆ ಆ ಅಂಕಿ ಎರವಲು ತರಬಾರದು. ಕೆಲವು ಸೆಟ್ಟುಗಳು 50 ಕಿಲೋಪಾಸ್ಕಲಿಗೆ ಹೊಂದಿಸಿಯೇ ಬರುತ್ತವೆ. “ಬೇಗ ಕರೆಯುತ್ತದೆ” ಎಂದು ತೋರಿಸಲಿಕ್ಕೆ ಅದು ಸುಲಭ ಉಪಾಯ. ಹಾಲು ತುಸು ಬೇಗ ಇಳಿಯುವುದು ನಿಜ, ಆದರೆ ತೊಟ್ಟಿನ ತುದಿಗೆ ರಕ್ತ ಇಳಿದು ಊದಿಕೊಳ್ಳುತ್ತದೆ, ಕೆಲವೇ ವಾರಗಳಲ್ಲಿ ತುದಿಯ ತೂತಿನ ಸುತ್ತ ಬಿಳಿ ಒರಟು ಉಂಗುರ ಕಟ್ಟುತ್ತದೆ. ಆ ಒರಟಿನಲ್ಲಿ ರೋಗಾಣು ನೆಲೆಸಿದರೆ ಕೆಚ್ಚಲು ಬಾವು ದೂರವಿಲ್ಲ.

ತೀರಾ ಕಡಿಮೆ ಇಟ್ಟರೂ ಕೆಡುಕೇ. ಕಪ್ಪುಗಳು ಜಾರುತ್ತವೆ, ಕರೆಯುವ ಹೊತ್ತು ಉದ್ದವಾಗುತ್ತದೆ.

ರೆಗ್ಯುಲೇಟರಿನ ಕೆಲಸ ಬೇಡವಾದ ಗಾಳಿಯನ್ನು ಒಳಬಿಟ್ಟು ಮಟ್ಟವನ್ನು ಕಾಯುವುದು. ಕೊಟ್ಟಿಗೆಯ ದೂಳು, ಹಿಂಡಿಯ ಪುಡಿ, ಜೇಡರ ಬಲೆ ಅದರ ಬಾಯಿಗೆ ಕೂರುತ್ತವೆ. ಕವಾಟ ಅಂಟಿತೆಂದರೆ ವ್ಯಾಕ್ಯೂಮ್ ಏರುತ್ತಲೇ ಹೋಗುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಚ್ಚಬೇಡಿ. ಎಣ್ಣೆಗೇ ದೂಳು ಮೆತ್ತುತ್ತದೆ. ಪರೀಕ್ಷೆ ಸುಲಭ. ಎಲ್ಲ ಕಪ್ಪುಗಳನ್ನು ಮುಚ್ಚಿ ಯಂತ್ರ ಓಡಿಸಿ, ಮುಳ್ಳು ನಿಂತ ಮೇಲೆ ಒಂದು ಕಪ್ಪಿನ ಬಾಯಿ ತೆರೆಯಿರಿ. ಮುಳ್ಳು ತೀರಾ ಕುಸಿಯಬಾರದು, ಮತ್ತೆ ಮುಚ್ಚಿದಾಗ ಎರಡು ಮೂರು ಸೆಕೆಂಡಿನಲ್ಲಿ ಮೊದಲಿನ ಜಾಗಕ್ಕೆ ಬರಬೇಕು. ತುಂಬ ಕುಸಿದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಪಂಪ್ ದಣಿದಿದೆ. ಮುಚ್ಚಳದ ರಬ್ಬರ್ ಉಂಗುರ, ಪೈಪಿನ ತುದಿಗಳು, ಟ್ಯಾಂಕಿನ ಬಸಿಮೂತಿ ಈ ಕ್ರಮದಲ್ಲಿ ಹುಡುಕಿ. ಸೆಟ್ಟಿನೊಡನೆ ಬರುವ ಅಗ್ಗದ ಗೇಜನ್ನು ನಂಬಿ ಕೂರುವಂತಿಲ್ಲ. ಯಂತ್ರ ನಿಲ್ಲಿಸಿದಾಗ ಮುಳ್ಳು ಸೊನ್ನೆಗೆ ಬರದಿದ್ದರೆ ಗೇಜು ಬದಲಿಸಿ. ವರ್ಷಕ್ಕೊಮ್ಮೆಯಾದರೂ ಇನ್ನೊಂದು ಒಳ್ಳೆಯ ಗೇಜಿನೊಡನೆ ತಾಳೆ ನೋಡಿ.

ಪಲ್ಸೇಟರ್

ಸದಾ ಎಳೆಯುತ್ತಲೇ ಇರುವ ಯಂತ್ರ ತೊಟ್ಟಿಗೆ ಹಿಂಸೆ. ಆರಂಭದ ಯಂತ್ರಗಳು ಹಾಗೇ ಇದ್ದವು, ಹಸುಗಳು ಸಹಿಸಲಿಲ್ಲ. 1890ರ ದಶಕದಲ್ಲಿ ಪಲ್ಸೇಟರ್ ಬಂದ ಮೇಲೆ, ಮುಂದೆ 20ನೇ ಶತಮಾನದ ಆರಂಭದಲ್ಲಿ ಎರಡು ಗೋಡೆಯ ಕಪ್ ಬಂದ ಮೇಲೆ ಯಂತ್ರದಲ್ಲಿ ಕರೆಯುವುದು ನಿಜವಾಗಿ ಸಾಧ್ಯವಾಯಿತು. ಕಪ್ಪಿನ ಉಕ್ಕಿನ ಚಿಪ್ಪಿಗೂ ರಬ್ಬರ್ ಲೈನರಿಗೂ ನಡುವಿನ ಜಾಗಕ್ಕೆ ಒಮ್ಮೆ ವ್ಯಾಕ್ಯೂಮ್, ಒಮ್ಮೆ ಗಾಳಿ ಬಿಡುವುದು ಪಲ್ಸೇಟರಿನ ಕೆಲಸ. ವ್ಯಾಕ್ಯೂಮ್ ಇದ್ದಾಗ ಲೈನರ್ ತೆರೆದು ಹಾಲು ಇಳಿಯುತ್ತದೆ, ಗಾಳಿ ಬಂದಾಗ ಲೈನರ್ ಕುಗ್ಗಿ ತೊಟ್ಟನ್ನು ಅದುಮಿ ರಕ್ತ ಮೇಲೆ ತಳ್ಳುತ್ತದೆ. ಈ ವಿರಾಮ ಸಿಗದಿದ್ದರೆ ತೊಟ್ಟು ನೀಲಿಗಟ್ಟುತ್ತದೆ.

ಹಸುವಿಗೆ ನಿಮಿಷಕ್ಕೆ 60 ಬಡಿತ, 60ಕ್ಕೆ 40ರ ಅನುಪಾತ. ಅಂದರೆ ಪ್ರತಿ ಸೆಕೆಂಡಿನಲ್ಲಿ 0.6 ಸೆಕೆಂಡ್ ಹಾಲಿಗೆ, 0.4 ವಿಶ್ರಾಂತಿಗೆ. ಲೈನರ್ ಪೂರ್ತಿ ಮುಚ್ಚಿರುವ ಅವಧಿ ಒಂದು ಸುತ್ತಿನಲ್ಲಿ 150 ಮಿಲಿಸೆಕೆಂಡಿಗಿಂತ ಕಡಿಮೆ ಇರಬಾರದು. ಆಡಿಗಾದರೆ 90ರ ಸುಮಾರು ಬಡಿತ, 36ರಿಂದ 38 ಕಿಲೋಪಾಸ್ಕಲ್ ಸಾಕು, ಎರಡೇ ಕಪ್ಪಿನ ಬೇರೆ ಕ್ಲಸ್ಟರ್ ಬೇಕು. ಹಸುವಿನ ಕಪ್ಪುಗಳಲ್ಲಿ ಎರಡನ್ನು ಮುಚ್ಚಿ ಆಡಿಗೆ ಹಚ್ಚುವುದು ತಪ್ಪು. ಎಮ್ಮೆಯ ತೊಟ್ಟಿನ ತೂತು ಬಿಗಿ, ಹಾಲು ಇಳಿಸುವುದೂ ನಿಧಾನ. ಅಲ್ಲಿ ತುಸು ಹೆಚ್ಚು ವ್ಯಾಕ್ಯೂಮ್ ಬೇಕಾಗಬಹುದು, ಆದರೆ ಮುಳ್ಳು ಏರಿಸುವ ಮುನ್ನ ಸಿದ್ಧತೆಯ ಸಮಯ ಹೆಚ್ಚಿಸಿ ನೋಡಿ. ಹೆಚ್ಚಿನ ಎಮ್ಮೆಗಳಿಗೆ ಬೇಕಾದದ್ದು ಅದೇ.

ಈ ಸೆಟ್ಟುಗಳಲ್ಲಿ ಬರುವ ಗಾಳಿಯ ಪಲ್ಸೇಟರ್ ಸರಳ, ಗಟ್ಟಿ, ಮನೆಯಲ್ಲೇ ಬಿಚ್ಚಿ ತೊಳೆಯಬಹುದು. ವಿದ್ಯುತ್ ಪಲ್ಸೇಟರ್ ಬಡಿತ ತಪ್ಪುವುದು ಕಡಿಮೆ, ಕೆಟ್ಟರೆ ಮಾತ್ರ ಬದಲಿಯೇ ಗತಿ. ಒಂದು ಬಕೆಟ್ಟಿಗೆ ಗಾಳಿಯದೇ ಸಾಕು. ಅದರ ಚಿಕ್ಕ ಗಾಳಿಜಾಲರಿ ದೂಳಿನಿಂದ ಕಟ್ಟಿದರೆ ಬಡಿತ ನಿಧಾನವಾಗುತ್ತದೆ, ಚಳಿಯಲ್ಲಿ ರಬ್ಬರ್ ಪೊರೆ ಬಿಗಿಯಾದಾಗಲೂ ಹಾಗೇ ಆಗುತ್ತದೆ. ತಿರುಪು ತಿರುಗಿಸಿ ಸರಿಮಾಡುವ ಮೊದಲು ಜಾಲರಿ ತೊಳೆದು ನೋಡಿ. ಬಡಿತ ಎಣಿಸಲು ಯಾವ ಉಪಕರಣವೂ ಬೇಡ, ಯಂತ್ರ ಓಡುವಾಗ ಹೆಬ್ಬೆರಳನ್ನು ಲೈನರಿನೊಳಗೆ ಇಟ್ಟು ಒಂದು ನಿಮಿಷ ಎಣಿಸಿದರೆ ಮುಗಿಯಿತು. ನಾಲ್ಕೂ ಕಪ್ಪಿನಲ್ಲಿ ಅದುಮುವ ಬಲ ಒಂದೇ ಇರಬೇಕು. ಒಂದರಲ್ಲಿ ಮಂಕಾಗಿದ್ದರೆ ಆ ಕಪ್ಪಿಗೆ ಹೋಗುವ ಗಿಡ್ಡ ಗಾಳಿಕೊಳವೆ ಬಿರುಕು ಬಿಟ್ಟಿರುತ್ತದೆ. ಗಾಳಿಕೊಳವೆಯಲ್ಲಿ ಹಾಲು ಕಂಡರೆ ಲೈನರ್ ಹರಿದಿದೆ ಎಂದೇ ಅರ್ಥ, ಆ ಹೊತ್ತೇ ಬದಲಿಸಬೇಕು. ಹಾಲು ಪಲ್ಸೇಟರಿಗೆ ಹೋಗಿ ಒಣಗಿದರೆ ಅದೂ ನಿಲ್ಲುತ್ತದೆ.

ಕಪ್, ಲೈನರ್, ಕ್ಲಾ

ಇಡೀ ಯಂತ್ರದಲ್ಲಿ ಹಸುವಿಗೆ ತಾಗುವ ಭಾಗ ಲೈನರ್ ಒಂದೇ. ಅದನ್ನೇ ಕೊನೆಯದಾಗಿ ಯೋಚಿಸುವುದು ನೋಡಿದರೆ ಬೇಸರವಾಗುತ್ತದೆ. ರಬ್ಬರ್ ಲೈನರಿನ ಆಯುಷ್ಯ 2500 ಹಾಲುಕರೆ ಅಥವಾ ಆರು ತಿಂಗಳು, ಯಾವುದು ಮೊದಲು ಬರುತ್ತದೋ ಅದು. ಮೂರು ಹಸುವನ್ನು ಎರಡು ಹೊತ್ತು ಕರೆದರೆ ದಿನಕ್ಕೆ ಆರು, 2500 ಮುಟ್ಟಲು ವರ್ಷ ದಾಟುತ್ತದೆ. ಆದ್ದರಿಂದ ಆರು ತಿಂಗಳ ಲೆಕ್ಕವೇ ಅನ್ವಯ, ಏಕೆಂದರೆ ಹಾಲಿನ ಕೊಬ್ಬು ಮತ್ತು ತೊಳೆಯುವ ಪುಡಿ ಸುಮ್ಮನಿದ್ದ ರಬ್ಬರನ್ನೂ ತಿನ್ನುತ್ತವೆ. ಎಂಟು ಹಸುವಾದರೆ ದಿನಕ್ಕೆ ಹದಿನಾರು, 156 ದಿನಕ್ಕೆ ಮುಗಿಯಿತು. ಸಿಲಿಕೋನ್ ಲೈನರ್ ಹೆಚ್ಚು ಕಾಲ ಮೃದುವಾಗಿರುತ್ತದೆ, ಆದರೆ ಮೊಳೆಯೋ ಉಗುರೋ ತಾಗಿ ಸಣ್ಣ ಸೀಳು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಮೂರು ಹಳೆಯದು ಇದ್ದರೆ ನಾಲ್ಕು ತೊಟ್ಟಿಗೆ ನಾಲ್ಕು ರೀತಿ.

ಅಳತೆಯೂ ಅಷ್ಟೇ ಮುಖ್ಯ. ಸೆಟ್ಟಿನ ಲೈನರ್ ಸಾಮಾನ್ಯವಾಗಿ ದೊಡ್ಡ ಮಿಶ್ರತಳಿಯ ತೊಟ್ಟಿಗೆ ತಕ್ಕದ್ದು. ಸಣ್ಣ ತೊಟ್ಟಿಗೆ ಅದು ಸಡಿಲವಾಗಿ ಗಾಳಿ ಎಳೆದುಕೊಂಡು ಕೀರಲು ಸದ್ದು ಮಾಡುತ್ತದೆ, ಕಪ್ ಮೇಲೇರಿ ತೊಟ್ಟಿನ ಬುಡವನ್ನೇ ಹಿಸುಕುತ್ತದೆ. ಬುಡ ಹಿಸುಕಿದರೆ ಕೆಚ್ಚಲಲ್ಲಿ ಹಾಲಿದ್ದೂ ಇಳಿಯುವುದಿಲ್ಲ. ಕಪ್ ತೆಗೆದ ಕೂಡಲೇ ತೊಟ್ಟನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಬುಡದಲ್ಲಿ ಬಳೆಯಂಥ ಗುರುತು ಬಿದ್ದಿದ್ದರೆ ಲೈನರಿನ ಬಾಯಿ ಹೊಂದಿಲ್ಲ ಅಥವಾ ಕಪ್ ಹೆಚ್ಚು ಹೊತ್ತು ಇತ್ತು. ತುದಿ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ, ಕೆಂಪು ನೀಲಿ ತಿರುಗಿದ್ದರೆ ವ್ಯಾಕ್ಯೂಮ್ ಅಥವಾ ಬಡಿತ ತಪ್ಪಿದೆ. ಗೇಜಿಗಿಂತ ಮುಂಚೆ ತೊಟ್ಟೇ ಸುದ್ದಿ ಹೇಳುತ್ತದೆ.

ನಾಲ್ಕು ಕಪ್ಪಿನ ಹಾಲು ಸೇರುವ ಬಟ್ಟಲೇ ಕ್ಲಾ. ಸಣ್ಣ ಬಟ್ಟಲಿಗಿಂತ 250 ಮಿಲಿಗಿಂತ ದೊಡ್ಡದು ಒಳ್ಳೆಯದು, ಹಾಲು ಜೋರಾಗಿ ಬಂದಾಗ ತುಂಬಿ ನಿಲ್ಲುವುದಿಲ್ಲ. ಅದರ ಮೇಲೊಂದು ಸೂಜಿತೂತು ಇರುತ್ತದೆ, ಸುಮಾರು ಒಂದು ಮಿಲಿಮೀಟರ್. ಈ ತೂತು ಕಟ್ಟಿಕೊಂಡರೆ ಅರ್ಧ ಸಮಸ್ಯೆಗಳು ಅಲ್ಲಿಂದಲೇ ಹುಟ್ಟುತ್ತವೆ. ಅದರಿಂದ ಒಳಬರುವ ಚೂರು ಗಾಳಿಯೇ ಹಾಲನ್ನು ಪೈಪಿನಲ್ಲಿ ಮುಂದಕ್ಕೆ ತಳ್ಳುವುದು. ಕಟ್ಟಿದರೆ ಹಾಲು ಕ್ಲಾದಲ್ಲೇ ನಿಂತು ತೊಟ್ಟು ಹಾಲಿನಲ್ಲಿ ಮುಳುಗುತ್ತದೆ, ಒಂದು ತೊಟ್ಟಿನ ರೋಗಾಣು ಇನ್ನೊಂದಕ್ಕೆ ಹಾರುತ್ತದೆ. “ಹಸು ಹಾಲು ಇಳಿಸುತ್ತಿಲ್ಲ” ಎಂದು ಹಿಂಡಿ ಬದಲಿಸುವ ಮೊದಲು ಈ ತೂತನ್ನು ತೆಳುವಾದ ತಂತಿಯಿಂದ ಚುಚ್ಚಿ ನೋಡಿ. ದಪ್ಪ ಮೊಳೆ ಹಾಕಿ ಅಗಲ ಮಾಡಿದರೆ ಹಾಲು ನೊರೆಗಟ್ಟಿ, ಕೊಬ್ಬಿನ ಹನಿಗಳು ಒಡೆದು ಕಮಟು ವಾಸನೆ ಬರುತ್ತದೆ.

ಬಕೆಟ್ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಹಗುರವಾದರೂ ಕ್ಷಾರದ ಪುಡಿಗೆ ಕರಗಿ ಒರಟಾಗುತ್ತದೆ.

ಹಸುವಿನ ಮುಂದೆ

ಮೊದಲ ಸಲ ಯಂತ್ರ ತಂದ ದಿನವೇ ಕಪ್ ಹಚ್ಚಲು ಹೋಗಬೇಡಿ. ಮೂರು ನಾಲ್ಕು ದಿನ ಕೈಯಲ್ಲೇ ಕರೆಯುತ್ತ ಪಕ್ಕದಲ್ಲಿ ಮೋಟಾರ್ ಓಡಿಸಿ, ಸದ್ದು ಪಳಗಲಿ. ಆಮೇಲೆ ಪಲ್ಸೇಟರಿನ ಟಕಟಕ, ಕೊನೆಗೆ ಕಪ್. ಚೊಚ್ಚಲು ಕರು ಹಾಕಿದ ಹಸುವನ್ನು ಮೊದಲಿಂದಲೇ ಯಂತ್ರಕ್ಕೆ ಒಗ್ಗಿಸುವುದು ಸುಲಭ. ವರ್ಷಗಟ್ಟಲೆ ಕರು ಬಿಟ್ಟೇ ಸೊರ ಬಿಡುತ್ತಿದ್ದ ಹಸು ಯಂತ್ರಕ್ಕೆ ಹಾಲು ಹಿಡಿದಿಡಬಹುದು, ಅದಕ್ಕೆ ಕರುವನ್ನು ಕಣ್ಣಿಗೆ ಕಾಣುವಂತೆ ಕಟ್ಟಿ, ತಿನ್ನಲು ಕೊಟ್ಟು, ತಾಳ್ಮೆಯಿಂದ ರೂಢಿ ಮಾಡಬೇಕು.

ತೊಟ್ಟು ಮುಟ್ಟಿ ಒರೆಸಿದಾಗ ಮೆದುಳಿನಿಂದ ಆಕ್ಸಿಟೋಸಿನ್ ಹೊರಟು ಕೆಚ್ಚಲಿಗೆ ತಲುಪಿ ಹಾಲು ಇಳಿಯಲು ಒಂದರಿಂದ ಒಂದೂವರೆ ನಿಮಿಷ ಬೇಕು. ಅದರ ಪ್ರಭಾವ ಇರುವುದು ಐದರಿಂದ ಏಳು ನಿಮಿಷ. ಯಂತ್ರದ ಕೆಲಸವೆಲ್ಲ ಈ ಕಿಟಕಿಯೊಳಗೇ ಮುಗಿಯಬೇಕು. ಪ್ರತಿ ತೊಟ್ಟಿನಿಂದ ಮೂರು ನಾಲ್ಕು ಧಾರೆ ಕಪ್ಪು ಬಣ್ಣದ ಬಟ್ಟಲಿಗೆ ಕರೆದು ಗೆಡ್ಡೆ, ನೀರು, ರಕ್ತ ಇದೆಯೇ ನೋಡಿ. ತೊಟ್ಟನ್ನು ಔಷಧದ್ರಾವಣದಲ್ಲಿ ಅದ್ದಿ 30 ಸೆಕೆಂಡ್ ಬಿಟ್ಟು, ಪ್ರತಿ ಹಸುವಿಗೂ ಬೇರೆ ಒಣಬಟ್ಟೆಯಿಂದ ಪೂರ್ತಿ ಒರೆಸಿ. ಕೆಚ್ಚಲಿಗೆಲ್ಲ ನೀರು ಸುರಿದು ಒದ್ದೆಯಲ್ಲೇ ಕಪ್ ಹಾಕಿದರೆ ಆ ಕೊಳೆನೀರು ಹರಿದು ಲೈನರಿಗೆ ಬರುತ್ತದೆ. ಒದ್ದೆ ತೊಟ್ಟಿಗೆ ಕಪ್ ನಿಲ್ಲುವುದೂ ಇಲ್ಲ.

ಕಪ್ ಹಾಕುವಾಗ ಕ್ಲಾ ಕೆಳಗಿದ್ದು, ಕಪ್ಪಿನ ಗಿಡ್ಡ ಹಾಲುಕೊಳವೆ ಮಡಚಿರಬೇಕು. ಆಗ ಗಾಳಿ ನುಗ್ಗುವುದಿಲ್ಲ. ತೊಟ್ಟಿಗೆ ಮುಟ್ಟಿಸಿದ ಮೇಲೆ ಮಡಿಕೆ ಬಿಡಿ. ಸುಸ್ಸೆಂದು ಗಾಳಿ ಎಳೆಯುವ ಸದ್ದು ಕೇಳಿದರೆ ಹಾಕುವ ಕ್ರಮ ಸರಿಯಿಲ್ಲ. ಉದ್ದ ಪೈಪು ಹಸುವಿನ ಅಡಿಯಲ್ಲಿ ನೇರ ಇರಲಿ, ತಿರುಚಿದರೆ ಒಂದು ತೊಟ್ಟಿಗೆ ಭಾರ ಬೀಳುತ್ತದೆ. ಬತ್ತಿದ ತೊಟ್ಟಿದ್ದರೆ ಆ ಕಪ್ಪಿಗೆ ಮುಚ್ಚಳ ಸಿಕ್ಕಿಸಿ.

ಪಾರದರ್ಶಕ ಕ್ಲಾದಲ್ಲಿ ಹಾಲಿನ ಹರಿವು ತೆಳುವಾದ ಕೂಡಲೇ ವ್ಯಾಕ್ಯೂಮಿನ ಕವಾಟ ಮುಚ್ಚಿ, ಒಂದೆರಡು ಸೆಕೆಂಡ್ ಕಾದು, ಕಪ್ಪುಗಳು ತಾವಾಗಿ ಸಡಿಲವಾದ ಮೇಲೆ ತೆಗೆಯಿರಿ. ಕವಾಟ ಮುಚ್ಚದೆ ಜಗ್ಗಿದರೆ ಹಾಲಿನ ಹನಿಗಳು ಹಿಮ್ಮುಖವಾಗಿ ತೊಟ್ಟಿನೊಳಗೆ ಚಿಮ್ಮುತ್ತವೆ. ಯಂತ್ರದ ಕಾಲದಲ್ಲಿ ಕೆಚ್ಚಲು ಬಾವು ಹೆಚ್ಚಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಕೊನೆ ಹನಿಯವರೆಗೆ ಎಳೆಸುವ ಹಟ ಬೇಡ. ಕಾಲು ಲೀಟರಿನಷ್ಟು ಉಳಿದರೆ ನಷ್ಟವಿಲ್ಲ, ಬರಿಗೆಚ್ಚಲಿಗೆ ಯಂತ್ರ ಹಚ್ಚಿಟ್ಟರೆ ತೊಟ್ಟಿಗೆ ನಷ್ಟ. ತೆಗೆದೊಡನೆ ಪ್ರತಿ ತೊಟ್ಟನ್ನೂ ಶೇಕಡ 0.5ರ ಅಯೋಡಿನ್ ದ್ರಾವಣದಲ್ಲಿ ಅದ್ದಿ. ತೊಟ್ಟಿನ ತೂತು ಅರ್ಧ ಗಂಟೆಯಿಂದ ಒಂದು ಗಂಟೆ ತೆರೆದೇ ಇರುತ್ತದೆ, ಆದ್ದರಿಂದ ಮುಂದೆ ಮೇವು ಹಾಕಿ ನಿಲ್ಲಿಸಿ, ಮಲಗಲು ಬಿಡಬೇಡಿ.

ಕರೆಯುವ ಸರದಿಯನ್ನೂ ಬದಲಿಸಬಾರದು. ಚೊಚ್ಚಲು ಹಸುಗಳು ಮೊದಲು, ಆರೋಗ್ಯವಾದ ಹಳೆಯವು ಆಮೇಲೆ, ಬಾವಿನ ಅನುಮಾನವಿರುವವು, ಔಷಧದಲ್ಲಿರುವವು ಕೊನೆಗೆ, ಅವುಗಳ ಹಾಲಿಗೆ ಬೇರೆ ಪಾತ್ರೆ. ಒಂದೇ ಕ್ಲಸ್ಟರ್ ಇರುವ ಮನೆಯಲ್ಲಿ ಈ ಕ್ರಮ ತಪ್ಪಿದರೆ ಬಾವು ಕೊಟ್ಟಿಗೆಗೆಲ್ಲ ಹರಡಲು ಯಂತ್ರವೇ ದಾರಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ಎಂಬ ಬಾವಿನ ಪರೀಕ್ಷೆ ಮಾಡಿ. ನಾಲ್ಕು ಗುಳಿಯ ತಟ್ಟೆಯಲ್ಲಿ ಪ್ರತಿ ತೊಟ್ಟಿನ ಹಾಲಿಗೆ ಅಷ್ಟೇ ದ್ರಾವಣ ಬೆರೆಸಿ ಅಲ್ಲಾಡಿಸಿದರೆ, ಲೋಳೆ ಕಟ್ಟಿದ ತೊಟ್ಟಿನಲ್ಲಿ ಹೊರಗೆ ಕಾಣದ ಮರೆಬಾವು ಇದೆ.

ತೊಳೆಯುವುದು

ಇಲ್ಲಿ ಜಾರಿದವರು ಯಂತ್ರ ಮಾರುತ್ತಾರೆ. ಕೊನೆಯ ಹಸು ಮುಗಿದೊಡನೆ, ಹಾಲು ಒಣಗುವ ಮೊದಲೇ, 35ರಿಂದ 40 ಡಿಗ್ರಿಯ ಉಗುರುಬೆಚ್ಚಗಿನ ಹತ್ತು ಲೀಟರ್ ನೀರನ್ನು ಕಪ್ಪುಗಳ ಮೂಲಕ ಯಂತ್ರಕ್ಕೆ ಎಳೆಸಿ. ಈ ಹಂತದಲ್ಲಿ ಕುದಿನೀರು ಬೇಡ, ಹಾಲಿನ ಪ್ರೋಟೀನು ಬೆಂದು ಗೋಡೆಗೆ ಅಂಟುತ್ತದೆ. ತಣ್ಣೀರೂ ಬೇಡ, ಕೊಬ್ಬು ಹೆಪ್ಪುಗಟ್ಟುತ್ತದೆ. ಎರಡನೇ ಸುತ್ತು ಕ್ಷಾರದ ಡೇರಿ ಪುಡಿ, ಸಾಮಾನ್ಯವಾಗಿ ಹತ್ತು ಲೀಟರಿಗೆ 50 ಗ್ರಾಂ, ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದು. ನೀರು ಶುರುವಿನಲ್ಲಿ 70 ಡಿಗ್ರಿ ದಾಟಿರಲಿ, ಎಂಟು ಹತ್ತು ನಿಮಿಷ ಸುತ್ತಿ ಮುಗಿಯುವಾಗ 40ಕ್ಕಿಂತ ಕೆಳಗಿಳಿಯದಿರಲಿ. ತಣಿದ ದ್ರಾವಣ ಬಿಡಿಸಿದ ಕೊಳೆಯನ್ನೇ ಮತ್ತೆ ಅಂಟಿಸುತ್ತದೆ. ಎಳೆಸುವಾಗ ಕಪ್ಪುಗಳನ್ನು ನೀರಿನಿಂದ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಗಾಳಿ ಸೇರಿ ನೀರು ಗುಂಡಿನಂತೆ ನುಗ್ಗಿ ಪೈಪಿನ ಒಳಗೋಡೆ ಉಜ್ಜುತ್ತದೆ. ಸುಮ್ಮನೆ ಮುಳುಗಿಸಿಟ್ಟರೆ ಪೈಪಿನ ಮೇಲುಭಾಗ ತೊಳೆಯುವುದೇ ಇಲ್ಲ. ಕೊನೆಗೆ ಶುದ್ಧ ನೀರು. ಪಾತ್ರೆ ಸೋಪಿನ ಪುಡಿ ಬಳಸಬೇಡಿ, ಅದರ ನೊರೆ ವ್ಯಾಕ್ಯೂಮಿನೊಡನೆ ಟ್ಯಾಂಕಿಗೂ ಪಂಪಿಗೂ ಹೋಗುತ್ತದೆ.

ವಾರಕ್ಕೊಮ್ಮೆ ಆಮ್ಲದ ಸುತ್ತು ಬೇಕು, ಗಡಸು ನೀರಿದ್ದರೆ ಇನ್ನೂ ಹೆಚ್ಚು ಸಲ. ಅದನ್ನು ಬಿಟ್ಟರೆ ಲೋಹದ ಮೇಲೆ ಹಾಲಿನ ಕಲ್ಲುಪದರ ಕೂರುತ್ತದೆ, ಬೆರಳಿಗೆ ಒರಟಾಗಿ ಸಿಗುತ್ತದೆ. ಯಾವಾಗಲೂ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಬೇಡ. ಆಮ್ಲಕ್ಕೂ ಕ್ಲೋರಿನ್ನಿಗೂ ಒಂದೇ ಬಕೆಟ್ ಎಂದಿಗೂ ಬೇಡ, ವಿಷಾನಿಲ ಏಳುತ್ತದೆ. ಮುಂದಿನ ಹೊತ್ತಿಗೆ ಕರೆಯುವ ಮುನ್ನ ಸೋಂಕು ಕಳೆಯಲು 200 ಪಿಪಿಎಂ (ಹತ್ತು ಲಕ್ಷ ಪಾಲಿಗೆ 200 ಪಾಲು) ಕ್ಲೋರಿನ್ ನೀರು ಸಾಕು. ಶೇಕಡ 5ರ ಸೋಡಿಯಂ ಹೈಪೋಕ್ಲೋರೈಟ್ ಆದರೆ ಹತ್ತು ಲೀಟರಿಗೆ 40 ಮಿಲಿ. ಅದನ್ನು ಪೂರ್ತಿ ಬಸಿದ ಮೇಲೆ ಹಾಲಿಗೆ ಹೋಗಿ. ಕ್ಲಸ್ಟರನ್ನು ತಲೆಕೆಳಗಾಗಿ, ಬಿಸಿಲು ತಾಗದಂತೆ ತೂಗುಹಾಕಿ. ಬಿಸಿಲು ರಬ್ಬರನ್ನು ಬೇಗ ಮುದಿಮಾಡುತ್ತದೆ.

ಇಷ್ಟಕ್ಕೆ ಒಂದು ಹೊತ್ತಿಗೆ ಮೂವತ್ತು ನಲವತ್ತು ಲೀಟರ್ ನೀರು, ಅದರಲ್ಲಿ ಕಾಲುಭಾಗ ಚೆನ್ನಾಗಿ ಕಾದದ್ದು ಬೇಕು. ಬಿಸಿನೀರಿಗೆ ದಿನವೂ ದಾರಿಯಿಲ್ಲದ ಕೊಟ್ಟಿಗೆಗೆ ಈ ಯಂತ್ರವನ್ನು ನಾವು ಶಿಫಾರಸು ಮಾಡುವುದಿಲ್ಲ. ಕೊಳಕು ಲೈನರಿಗಿಂತ ತೊಳೆದ ಕೈ ಸಾವಿರ ಪಾಲು ಮೇಲು.

ಕೊಳ್ಳುವಾಗ

ಅಂಗಡಿಯಲ್ಲೇ ಯಂತ್ರ ಓಡಿಸಿ ಕಪ್ ಮುಚ್ಚಿ ತೆರೆಯುವ ಪರೀಕ್ಷೆ ಮಾಡಿಸಿ, ಹೆಬ್ಬೆರಳಿಟ್ಟು ಬಡಿತ ಎಣಿಸಿ. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಲೈನರ್, ಮುಚ್ಚಳದ ಉಂಗುರ, ಪಲ್ಸೇಟರಿನ ಪೊರೆ, ಪಂಪಿನ ರೆಕ್ಕೆ ಇವು ನಾಲ್ಕೂ ಬಿಡಿಯಾಗಿ ಸಿಗುತ್ತವೆಯೇ, ಬೇರೆ ತಯಾರಕರ ಲೈನರ್ ಈ ಚಿಪ್ಪಿಗೆ ಕೂರುತ್ತದೆಯೇ ಕೇಳಿ. ತಮ್ಮದೇ ವಿಚಿತ್ರ ಅಳತೆಯ ಚಿಪ್ಪು ಇರುವ ಸೆಟ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ಒಂದು ದಿನ ಲೈನರ್ ಸಿಗದೆ ಪೂರ್ತಿ ಸೆಟ್ ಮೂಲೆ ಸೇರುತ್ತದೆ. ಗಾಡಿಯ ಚಕ್ರ ದೊಡ್ಡದಿರಲಿ, ಕೊಟ್ಟಿಗೆಯ ಚರಂಡಿ ದಾಟುವಾಗ ಸಣ್ಣ ಚಕ್ರ ಸಿಕ್ಕಿಕೊಂಡು ಬಕೆಟ್ ಉರುಳುತ್ತದೆ. ಯಂತ್ರದ ಜೊತೆಗೇ ಎರಡು ಜೊತೆ ಲೈನರ್, ಒಂದು ಮುಚ್ಚಳದ ಉಂಗುರ, ಪೈಪು ತೊಳೆಯುವ ಉದ್ದನೆಯ ಬ್ರಷ್ ತಂದಿಟ್ಟುಕೊಳ್ಳಿ. ಹೊಸ ಲೈನರ್ ಹಾಕಿದ ದಿನಾಂಕವನ್ನು ಅಳಿಸದ ಶಾಯಿಯಲ್ಲಿ ಬಕೆಟ್ಟಿನ ಹಿಡಿಯ ಮೇಲೆ ಬರೆಯಿರಿ.